ಲೆಕ್ಕ ಕೇಳೋಣ ಬನ್ನಿ



ವಾರದ ಸಭೆಯಲ್ಲಿ ಐದು ರೂಪಾಯಿ ಹೆಚ್ಚುಕಮ್ಮಿಯಾದರೂ ನಾವು ಪುಸ್ತಕ ಬರೆಯುವವರನ್ನು ಬಿಡೋದಿಲ್ಲ. ಸರ್ಕಾರದ ಲೆಕ್ಕ ಕೇಳೋಕೆ ಮಾತ್ರ ಹೆದರುತ್ತೇವೆ, ಅಲ್ವಾ?

ರಾಜಸ್ಥಾನದ ಕೂಲಿಕಾರರು ಹೆದರಲಿಲ್ಲ. ಸರ್ಕಾರಿ ಕಾಮಗಾರಿಯಲ್ಲಿ ಕೂಲಿ ಕಡಿಮೆ ಕೊಟ್ಟಾಗ, ‘ಹಾಜರಿ ಪಟ್ಟಿ ತೋರಿಸಿ’ ಎಂದರು. ಪಟ್ಟಿಗಳನ್ನು ಊರವರ ಮುಂದೆ ಓದಿದಾಗ ಸತ್ತವರ ಹೆಸರಿನಲ್ಲೂ ಕೂಲಿ ಬರೆದಿತ್ತು! 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಇಂಥ ಹೋರಾಟಗಳಿಂದಲೇ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು.

ನಮ್ಮ ಬೀದಿಯ ಚರಂಡಿ ಅರ್ಧಕ್ಕೆ ನಿಂತಿದೆ ಎನ್ನಿ. ‘ಯಾಕೆ ಮುಗಿಸಲಿಲ್ಲ?’ ಎಂದು ಅರ್ಜಿ ಬರೆಯಬೇಡಿ. ಸಿಸ್ಟರ್‌ಗಳಾದ ನಾವೂ ಒಮ್ಮೆ ಹಾಗೇ ಜಗಳದ ಕಾಗದ ಬರೆದು ಬರಿಗೈಲಿ ಬಂದವರೇ! ‘ಈ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲುಗಳ ನಕಲು ಕೊಡಿ’ ಎಂದು ದಾಖಲೆಯನ್ನೇ ಕೇಳಿ. ಕಾರಣ ಹೇಳಬೇಕಾಗಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕುಟುಂಬದವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ ಹಾಕಿ.

ಹಕ್ಕು ಇರುವುದು ನಾಗರಿಕರಿಗೆ. ಆದ್ದರಿಂದ ಅರ್ಜಿ ಸಂಘದ ಹೆಸರಲ್ಲಿ ಬೇಡ, ಒಬ್ಬರ ಹೆಸರಲ್ಲಿರಲಿ. ಕೊಡೋಕೆ ಮಾತ್ರ ನಾಲ್ಕು ಜನ ಒಟ್ಟಿಗೆ ಹೋಗಿ, ಸ್ವೀಕೃತಿಗೆ ಸೀಲು ಹಾಕಿಸಿಕೊಂಡೇ ಬನ್ನಿ.