ಜೀವ ಉಳಿದ ಮೇಲೆ ರುಚಿಯೂ ಬೇಕು



2020ರ ಮಾರ್ಚ್‌ನಲ್ಲಿ ಕೋವಿಡ್ ದೇಶದ ಮೊದಲ ಜೀವ ತೆಗೆದದ್ದು ನಮ್ಮ ಬೀದರ್ ಪಕ್ಕದ ಕಲಬುರಗಿಯಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ವಾಸನೆ, ರುಚಿ ಹೋಗುವುದನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿತು. ಸೋಂಕು ಪತ್ತೆಗೆ ಅದೊಂದು ಸುಳಿವಾಯಿತು. ಜ್ವರ ಇಳಿದ ಮೇಲೆ ಆ ಲಕ್ಷಣವನ್ನು ವಿಚಾರಿಸುವವರು ಕಡಿಮೆಯಾದರು. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳಿತು. ಮರಳದವರಿಗೆ ಸಿಕ್ಕ ಸಮಾಧಾನ ಒಂದೇ: "ಜೀವ ಉಳೀತಲ್ಲ, ಮತ್ತೇನು?" ಈ ಮಾತು ನಿಲ್ಲಬೇಕು. ವಾಸನೆ ಕಳೆದುಕೊಂಡವರಿಗೆ ತಾಲ್ಲೂಕು ಮಟ್ಟದಲ್ಲೇ ಆರೈಕೆ ಸಿಗಬೇಕು. ಈ ವಿಚಾರಸಂಕಿರಣದ ಆಶಯ ಇದೇ.

ರೋಗಿ ಬಾಯಿ ಸಪ್ಪಗಾಗಿದೆ ಎಂದು ಬರುತ್ತಾರೆ. ಕೆಟ್ಟಿರುವುದು ಹೆಚ್ಚಾಗಿ ಮೂಗು. ಅವರ ಕಣ್ಣು ಮುಚ್ಚಿಸಿ, ಮೂಗು ಬಿಗಿಯಾಗಿ ಹಿಡಿಸಿ, ನಾಲಿಗೆಯ ಮೇಲೆ ಏಲಕ್ಕಿ ಬೆರೆಸಿದ ಬೆಲ್ಲದ ಚೂರಿಡಿ. ಸಿಹಿ ತಿಳಿದರೆ ನಾಲಿಗೆ ಸರಿಯಿದೆ. ಮೂಗು ಬಿಟ್ಟ ಕೂಡಲೇ ಏಲಕ್ಕಿಯ ಘಮ ಗಂಟಲ ಹಿಂಬದಿಯಿಂದ ಮೂಗಿಗೇರಬೇಕು. ಏರದಿದ್ದರೆ ತೊಂದರೆ ಅಲ್ಲಿದೆ.

ವೈರಾಣು ಮುಖ್ಯವಾಗಿ ಹಾಳುಮಾಡುವುದು ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಕೋಶಗಳಿಗೆ ಆಸರೆಯಾಗಿರುವ ಜೀವಕೋಶಗಳನ್ನು. ಆ ನರಕೋಶಗಳು ಮತ್ತೆ ಹುಟ್ಟಬಲ್ಲವು; ನಮ್ಮ ಭರವಸೆ ಅದರಲ್ಲಿದೆ. ಚೇತರಿಕೆಯ ಹಾದಿಯಲ್ಲಿ ವಾಸನೆ ತಿರುಚಿಕೊಳ್ಳುವುದೂ ಉಂಟು. ಆಗ ಉಳ್ಳಾಗಡ್ಡಿ, ಬಳ್ಳೊಳ್ಳಿ, ಹುರಿದ ಮಾಂಸ ಕೊಳೆತಂತೆ ನಾರುತ್ತವೆ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಮನೆಮಂದಿಯೆಲ್ಲ ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುವಾಗ ತುತ್ತು ಎತ್ತಲಾಗದೆ ಕೂತವರ ಸಂಕಟವನ್ನು ಯೋಚಿಸಿ. ವಾಸನೆಯೇ ಬಾರದವರಿಗೆ ಗ್ಯಾಸ್ ಸೋರಿದ್ದೂ ಬೇಳೆ ಹಳಸಿದ್ದೂ ತಿಳಿಯದು. ರುಚಿ ಹುಡುಕುತ್ತ ಉಪ್ಪು, ಸಕ್ಕರೆ ಹೆಚ್ಚಿಸಿಕೊಂಡರೆ ಬಿಪಿ, ಶುಗರ್ ಏರುತ್ತವೆ.

ಏನು ಮಾಡಬಹುದು? ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಾಸನೆ ತರಬೇತಿಗೆ ಬೇಕಾದದ್ದು ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂಬ ನಾಲ್ಕು ಪರಿಮಳ. ದಿನಕ್ಕೆ ಎರಡು ಸಲ, ಒಂದೊಂದನ್ನೂ ಸುಮಾರು 10 ಸೆಕೆಂಡ್, ಮನಸ್ಸಿಟ್ಟು ಮೂಸಬೇಕು; ಕನಿಷ್ಠ 12 ವಾರ ಬಿಡದೆ ಮಾಡಬೇಕು. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆಂದು ಮಾತು ಕೊಡಲಾಗದು. ಆದರೆ ಅನೇಕರಿಗೆ ನೆರವಾಗಿದೆ, ಖರ್ಚು ತೀರಾ ಕಡಿಮೆ. ವಾಸನೆ ತಿರುಚಿಕೊಂಡವರು ಬಿಸಿ, ಕರಿದ ಅಡುಗೆ ಬಿಟ್ಟು ಆರಿದ ರೊಟ್ಟಿ, ಮೊಸರಿನಂಥ ಊಟಕ್ಕೆ ಹೊಂದಿಕೊಳ್ಳಬಹುದು. ಔಷಧ ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಾವೇ ಕೊಂಡು ನುಂಗುವುದನ್ನು ಮಾತ್ರ ತಡೆಯಬೇಕು. 2021ರಲ್ಲಿ ಕಪ್ಪು ಶಿಲೀಂಧ್ರ ಸೋಂಕು ಸ್ಟೀರಾಯ್ಡ್ ತೆಗೆದುಕೊಂಡ ಸಕ್ಕರೆ ಕಾಯಿಲೆಯವರನ್ನು ಕಾಡಿದ್ದು ನೆನಪಿರಲಿ. ಒಂದೇ ಹೊಳ್ಳೆಯಲ್ಲಿ ತೊಂದರೆ, ಮೂಗಿನಲ್ಲಿ ರಕ್ತ, ತಲೆಗೆ ಪೆಟ್ಟು ಇದ್ದವರನ್ನು ತಡಮಾಡದೆ ಕಿವಿ, ಮೂಗು, ಗಂಟಲು ತಜ್ಞರಲ್ಲಿಗೆ ಕಳಿಸಬೇಕು.

ಇಂದಿನ ಗೋಷ್ಠಿಗಳಿಂದ ಮೂರು ಫಲಗಳನ್ನು ನಿರೀಕ್ಷಿಸುತ್ತೇನೆ. ಮೊದಲನೆಯದು ನಮ್ಮದೇ ಪರೀಕ್ಷೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಸಿದ್ಧ ವಾಸನೆ ಪರೀಕ್ಷೆಯಲ್ಲಿ 40 ವಾಸನೆಗಳಿವೆ. ಅವುಗಳಲ್ಲಿ ಕೆಲವನ್ನು ಔರಾದಿನ ರೈತ ಎಂದೂ ಮೂಸಿರುವುದಿಲ್ಲ. ಜೀರಿಗೆ, ಇಂಗು, ಹುರಿದ ಶೇಂಗಾ, ಪೇರಲ ಹಣ್ಣುಗಳನ್ನಿಟ್ಟು ಅದನ್ನು ರೂಪಿಸಿ, ಅದರ ನಿಖರತೆಯನ್ನು ಶಾಸ್ತ್ರೀಯವಾಗಿ ಅಳೆಯಬೇಕು. ಎರಡನೆಯದಾಗಿ, ವಾಸನೆ ತರಬೇತಿಯ ಕೈಪಿಡಿ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬರಬೇಕು. ಮೂರನೆಯದಾಗಿ, ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ "ಅಡುಗಿ ವಾಸನಿ ಬರ್ತದೇನವ್ವಾ?" ಎಂದು ಕೇಳಬೇಕು, ಬರುವುದಿಲ್ಲ ಎಂದವರ ಹೆಸರು ಭಾಲ್ಕಿ, ಔರಾದ್ ಆಸ್ಪತ್ರೆಗಳ ದಾಖಲೆಗೆ ಸೇರಬೇಕು, ಮೂರು ತಿಂಗಳ ನಂತರ ಅವರನ್ನು ಮತ್ತೆ ಪರೀಕ್ಷಿಸಬೇಕು.

ಇವಕ್ಕೆ ದೊಡ್ಡ ಯಂತ್ರ ಬೇಡ, ದೊಡ್ಡ ಅನುದಾನವೂ ಬೇಡ. ಸಂಜೆ ಸಭೆ ಮುಗಿಯುವ ಮುನ್ನ ಯಾರು, ಎಲ್ಲಿ, ಎಂದಿನಿಂದ ಶುರುಮಾಡುತ್ತೇವೆಂದು ಬರೆದಿಟ್ಟು ಏಳೋಣ.