ಲಯ ಕೂಡಿದ ಮೇಲೆ



ಡಿ.ಜೆ. ಎಂದೊಡನೆ ಕರ್ನಾಟಕದ ಊರುಗಳಲ್ಲಿ ಇಂದು ಅನೇಕರ ಕಣ್ಣ ಮುಂದೆ ಬರುವುದು ಒಬ್ಬ ಮನುಷ್ಯನಲ್ಲ. ಗಣೇಶನ ಮೆರವಣಿಗೆಯಲ್ಲಿ ಲಾರಿಯ ಮೇಲೆ ಪೇರಿಸಿಟ್ಟ ಧ್ವನಿವರ್ಧಕಗಳ ಗೋಡೆ. ‘ಡಿ.ಜೆ.ಗೆ ಅನುಮತಿ ಇಲ್ಲ’ ಎಂದು ಪೊಲೀಸರು ಹೇಳುವಾಗ ಅವರ ಮನಸ್ಸಿನಲ್ಲಿರುವುದೂ ಈ ಪೆಟ್ಟಿಗೆಗಳೇ. ಆದರೆ ಡಿಸ್ಕ್ ಜಾಕಿ ಎಂಬುದು ಮೂಲತಃ ವ್ಯಕ್ತಿಯೊಬ್ಬನ ಹೆಸರು. ಧ್ವನಿಮುದ್ರಿಕೆಗಳನ್ನು ಆರಿಸಿ, ಒಂದರ ಬೆನ್ನಿಗೆ ಇನ್ನೊಂದನ್ನು ಕೂಡಿಸಿ, ಕುಣಿಯುವ ಜನರನ್ನು ತಾಸುಗಟ್ಟಲೆ ಹಿಡಿದಿಡುವವನು ಅವನು. ಹೀಗೆ ಕೂಡಿಸುವ ಕೆಲಸಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಅದರ ಮೊದಲ ಪಾಠ ಶ್ರದ್ಧೆಯಿದ್ದವರಿಗೆ ಕೆಲವು ವಾರಗಳಲ್ಲಿ ಕೈಗೆ ಬರುತ್ತದೆ. ಇಂದಿನ ಯಂತ್ರಗಳಲ್ಲಂತೂ ಅದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ಹಾಗಾದರೆ ಮೊದಲ ಪಾಠದ ಆಚೆಗೆ ಕಲಿಯಲು ಏನು ಉಳಿದಿದೆ? ಈ ಪ್ರಶ್ನೆಗೆ ನ್ಯೂಯಾರ್ಕ್ ನಗರದ ಸುಮಾರು 15 ವರ್ಷಗಳ ಚರಿತ್ರೆಯಲ್ಲಿ ಉತ್ತರವಿದೆ.

ಮೊದಲ ಪಾಠ ಯಾವುದು ಎಂಬುದನ್ನು ಮೊದಲು ನೋಡಬೇಕು. ಒಂದು ಹಾಡು ನಿಮಿಷಕ್ಕೆ 120 ಬಡಿತಗಳ ವೇಗದಲ್ಲಿ, ಇನ್ನೊಂದು 122 ಬಡಿತಗಳ ವೇಗದಲ್ಲಿ ಓಡುತ್ತಿವೆ ಎನ್ನಿ. ಎರಡನ್ನೂ ಒಟ್ಟಿಗೆ ಆರಂಭಿಸಿದರೆ ಹದಿನೈದೇ ಸೆಕೆಂಡುಗಳಲ್ಲಿ ಅವು ಅರ್ಧ ಬಡಿತದಷ್ಟು ದೂರ ಸರಿದು, ಕುದುರೆಗಳ ಹಿಂಡು ಓಡಿದಂತೆ ಗದ್ದಲವೆಬ್ಬಿಸುತ್ತವೆ. ಒಂದರ ವೇಗವನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಿದಾಗ ಮಾತ್ರ ಹಳೆಯ ಹಾಡಿನಿಂದ ಹೊಸ ಹಾಡಿಗೆ ಹೆಜ್ಜೆ ತಪ್ಪದೆ ದಾಟಬಹುದು. 1970ರ ಆಸುಪಾಸಿನಲ್ಲಿ, ಹಿಂದೆ ಚರ್ಚ್ ಆಗಿದ್ದ ಕಟ್ಟಡವೊಂದರಲ್ಲಿ ನಡೆಯುತ್ತಿದ್ದ ‘ಸ್ಯಾಂಕ್ಚುಯರಿ’ ಎಂಬ ಕ್ಲಬ್ಬಿನಲ್ಲಿ ಫ್ರಾನ್ಸಿಸ್ ಗ್ರಾಸೋ ಇದನ್ನು ರೂಢಿಗೆ ತಂದರು. 1972ರಲ್ಲಿ ಜಪಾನಿನ ಟೆಕ್ನಿಕ್ಸ್ ಕಂಪೆನಿಯ ಎಸ್‌ಎಲ್-1200 ಟರ್ನ್‌ಟೇಬಲ್ ಬಂತು. ಅದರ ತಟ್ಟೆಯನ್ನು ಬೆಲ್ಟಿನ ಬದಲು ಮೋಟಾರೇ ನೇರವಾಗಿ ತಿರುಗಿಸುತ್ತಿದ್ದುದರಿಂದ ಬೆರಳಿನಿಂದ ತಡೆದು ಬಿಟ್ಟರೂ ಅದು ಕ್ಷಣದಲ್ಲಿ ವೇಗ ಪಡೆಯುತ್ತಿತ್ತು. 1979ರ ಹೊಸ ಮಾದರಿಯಲ್ಲಿ ವೇಗವನ್ನು ನೂರಕ್ಕೆ 8ರಷ್ಟು ಏರಿಸುವ, ಇಳಿಸುವ ಜಾರುಪಟ್ಟಿಯೂ ಸೇರಿತು. ಡಿ.ಜೆ.ಗಳ ಕೈಗೆ ಒಗ್ಗಿದ ವಾದ್ಯವೆಂದರೆ ಇದೇ ಆಯಿತು.

ಇದೇ ಕಾಲದಲ್ಲಿ ನಗರದ ಬಡ ಭಾಗವಾದ ಬ್ರಾಂಕ್ಸ್‌ನಲ್ಲಿ ಇನ್ನೊಂದು ದಾರಿ ತೆರೆಯಿತು. 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಸತಿ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆಗೆ ಹಣ ಕೂಡಿಸಲೆಂದು ಒಂದು ಪಾರ್ಟಿ ಏರ್ಪಡಿಸಿದಳು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಹಾಡು ಹಾಕಿದವರು ಅವಳ ಅಣ್ಣ, ಜಮೈಕದಿಂದ ಬಂದಿದ್ದ 18ರ ತರುಣ ಕ್ಲೈವ್; ‘ಕೂಲ್ ಹರ್ಕ್’ ಎಂದೇ ಮುಂದೆ ಲೋಕ ಅವರನ್ನು ಬಲ್ಲದು. ಹಾಡುಗಾರಿಕೆ ನಿಂತು ಬರಿಯ ತಾಳವಾದ್ಯ ಉಳಿಯುವ ಕೆಲವೇ ಸೆಕೆಂಡುಗಳಿಗಾಗಿ ನರ್ತಕರು ಕಾಯುತ್ತಾರೆಂಬುದನ್ನು ಹರ್ಕ್ ಗಮನಿಸಿದ್ದರು. ಆ ಭಾಗಕ್ಕೆ ‘ಬ್ರೇಕ್’ ಎಂದು ಹೆಸರು. ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿದೊಡನೆ ಇನ್ನೊಂದರಲ್ಲಿ ಅದನ್ನೇ ಎತ್ತಿಕೊಂಡು, ಅವರು ಅದನ್ನು ನಿಮಿಷಗಟ್ಟಲೆ ಹಿಗ್ಗಿಸುವ ಕ್ರಮವನ್ನು ರೂಪಿಸಿದರು. ಹಿಪ್‌ಹಾಪ್ ಸಂಗೀತದ ಹುಟ್ಟನ್ನು ಆ ರಾತ್ರಿಯಿಂದಲೇ ಎಣಿಸುವುದು ರೂಢಿ.

ಆದರೆ ಹರ್ಕ್ ಮುಳ್ಳನ್ನು ಕಣ್ಣಂದಾಜಿನಲ್ಲಿ ಇಳಿಸುತ್ತಿದ್ದರು. ಎರಡು ತುಣುಕುಗಳ ನಡುವೆ ತಾಳ ಕದಲುತ್ತಿತ್ತು. ಇದನ್ನು ಕಂಡು ಕಸಿವಿಸಿಗೊಂಡವರು ಜೋಸೆಫ್ ಸ್ಯಾಡ್ಲರ್. 1958ರಲ್ಲಿ ಬಾರ್ಬಡೋಸ್‌ನಲ್ಲಿ ಹುಟ್ಟಿ ಬ್ರಾಂಕ್ಸ್‌ನಲ್ಲಿ ಬೆಳೆದ, ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಇವರೇ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ಮುದ್ರಿಕೆಯ ಅಂಚು ಹಿಡಿಯಬೇಕು, ಮೈಗೆ ಬೆರಳು ತಾಗಿಸಬಾರದು ಎಂಬುದು ಅಂದಿನ ಎಲ್ಲ ಮನೆಗಳ ಶಾಸನ. ಫ್ಲ್ಯಾಶ್ ಅದನ್ನು ಮುರಿದು ಮುದ್ರಿಕೆಯ ಮೇಲೆಯೇ ಬೆರಳಿಟ್ಟರು. ಬ್ರೇಕ್ ಶುರುವಾಗುವ ಜಾಗಕ್ಕೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಆರಂಭ ಸಿಗುತ್ತದೆಂದು ಎಣಿಸಿದರು. ಲೆಕ್ಕ ಸರಳ. ನಿಮಿಷಕ್ಕೆ ಮೂವತ್ತಮೂರೂ ಕಾಲೇಮೂರು ಅಲ್ಲ, ಸರಿಯಾಗಿ 33 ಮತ್ತು ಮೂರನೇ ಒಂದು ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 1.8 ಸೆಕೆಂಡು, 10 ಸೆಕೆಂಡಿನ ಬ್ರೇಕ್ ಎಂದರೆ ಸುಮಾರು ಐದೂವರೆ ಸುತ್ತು. ಮುಂದಿನ ಮುದ್ರಿಕೆಯನ್ನು ಜನರಿಗೆ ಕೇಳಿಸದೆ ತಾವೊಬ್ಬರೇ ಕೇಳಿ ನೋಡಲು ಹೆಡ್‌ಫೋನಿಗೆ ಸ್ವಿಚ್ಚನ್ನೂ ತಾವೇ ಅಳವಡಿಸಿಕೊಂಡರು. ಬಹುಕಾಲದ ಅಭ್ಯಾಸದ ನಂತರ ಒಂದು ಬಡಿತವೂ ಜಾರದಂತೆ ತುಣುಕುಗಳನ್ನು ಪೋಣಿಸುವ ವಿದ್ಯೆ ಅವರಿಗೆ ಸಿದ್ಧಿಸಿತು.

ಅದನ್ನು ಮೊದಲ ಬಾರಿ ಜನರೆದುರು ತೋರಿಸಿದಾಗ ನಡೆದದ್ದೇ ಇಲ್ಲಿ ಮುಖ್ಯವಾದದ್ದು. ಯಾರೂ ಕುಣಿಯಲಿಲ್ಲ. ಜನ ಸುಮ್ಮನೆ ನಿಂತು ಅವರ ಕೈಗಳನ್ನೇ ನೋಡಿದರು. ಮನೆಗೆ ಹೋಗಿ ಅತ್ತುದನ್ನು ಫ್ಲ್ಯಾಶ್ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಕೈಯಲ್ಲೂ ತಪ್ಪಿರಲಿಲ್ಲ. ಜನರಿಗೂ ತಟ್ಟೆಗೂ ನಡುವೆ ಸೇತುವೆಯೊಂದು ಇರಲಿಲ್ಲ, ಅಷ್ಟೆ. ಮೈಕ್ ಹಿಡಿದು ಜನರನ್ನು ಹುರಿದುಂಬಿಸಲು ಕೌಬಾಯ್ ಎಂಬ ಗೆಳೆಯ ಜೊತೆಗೂಡಿದ ಮೇಲೆ ಅದೇ ವಿದ್ಯೆಗೆ ಅದೇ ಬ್ರಾಂಕ್ಸ್ ಕುಣಿಯಿತು. ಲಯ ಕೂಡಿಸುವುದು ವಿದ್ಯೆಯ ಅರ್ಧ ಮಾತ್ರ ಎಂಬುದನ್ನು ಅಂದಿನ ಮೌನ ಕಲಿಸಿತು.

ಉಳಿದರ್ಧದಲ್ಲಿ ಮೊದಲನೆಯದು ವಾಕ್ಯದ ಅರಿವು. ಸಂಗೀತಕ್ಕೂ ವಾಕ್ಯಗಳಿವೆ. ಕುಣಿತದ ಸಂಗೀತದಲ್ಲಿ ಸಾಮಾನ್ಯವಾಗಿ 4 ಬಡಿತಗಳಿಗೆ ಒಂದು ಗಣ, 8 ಗಣಗಳಿಗೆ ಒಂದು ವಾಕ್ಯ. ಒಟ್ಟು 32 ಬಡಿತ. 120ರ ವೇಗದಲ್ಲಿ ಇದಕ್ಕೆ 16 ಸೆಕೆಂಡು ಬೇಕು. ಹೊಸ ವಾದ್ಯ ಸೇರುವುದು, ಹಾಡು ಶುರುವಾಗುವುದು, ತಾಳ ನಿಲ್ಲುವುದು ಬಹುತೇಕ ಈ ಎಲ್ಲೆಗಳಲ್ಲೇ. ಎರಡು ಹಾಡುಗಳ ಬಡಿತ ಕೂಡಿದ್ದರೂ ಒಂದರ ವಾಕ್ಯದ ನಡುವೆ ಇನ್ನೊಂದರ ವಾಕ್ಯ ಆರಂಭವಾದರೆ, ಇಬ್ಬರು ಏಕಕಾಲಕ್ಕೆ ಮಾತಾಡಿದಂತಾಗುತ್ತದೆ. ಆದಿತಾಳದ ಕೀರ್ತನೆಯಲ್ಲಿ ಗಾಯಕರ ಎಡುಪು ತಪ್ಪಿದಾಗ ತಾಳ ಹಾಕುತ್ತಿರುವ ಕೇಳುಗನ ಕೈ ತಡವರಿಸುವುದಿಲ್ಲವೆ? ಕುಣಿಯುವವರ ಕಾಲಿಗೂ ಹಾಗೆಯೇ ಆಗುತ್ತದೆ; ಕಾರಣ ಅವರಿಗೆ ಗೊತ್ತಿರಬೇಕಿಲ್ಲ.

ಎರಡನೆಯದು ಜಾಗ ಬಿಟ್ಟುಕೊಡುವುದು. ಎರಡು ಹಾಡುಗಳ ಮಂದ್ರಧ್ವನಿ, ಅಂದರೆ ಬೇಸ್ ಮತ್ತು ದೊಡ್ಡ ಡ್ರಮ್ಮಿನ ಹೊಡೆತ, ಒಟ್ಟಿಗೆ ಬಂದರೆ ಸದ್ದು ಕೆಸರಾಗುತ್ತದೆ. ನುರಿತವರು ಹೊಸ ಹಾಡನ್ನು ಮಂದ್ರವನ್ನು ಇಳಿಸಿಯೇ ಒಳಗೆ ತಂದು, ವಾಕ್ಯದ ಎಲ್ಲೆಯಲ್ಲಿ ಹಳೆಯದರ ಮಂದ್ರ ತೆಗೆದು ಹೊಸದರದನ್ನು ಏರಿಸುತ್ತಾರೆ. ಇಬ್ಬರು ಗಾಯಕರ ದನಿ ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವುದೂ ಇದೇ ವಿವೇಕ. ಮೂರನೆಯದು ಶ್ರುತಿ. ತಟ್ಟೆಯ ವೇಗ ನೂರಕ್ಕೆ 6ರಷ್ಟು ಹೆಚ್ಚಿದರೆ ಶ್ರುತಿ ಸುಮಾರು ಅರ್ಧ ಸ್ವರದಷ್ಟು ಮೇಲೇರುತ್ತದೆ. ಲಯ ಸರಿಯಾದರೂ ಶ್ರುತಿ ಕೆಡಬಹುದು. ವೇಗ ಬದಲಾದರೂ ಶ್ರುತಿ ಉಳಿಸುವ ಡಿಜಿಟಲ್ ಯಂತ್ರಗಳು ಈಗ ಇವೆ. ಆದರೆ ಯಾವ ಶ್ರುತಿಗೆ ಯಾವುದು ಹೊಂದುತ್ತದೆಂದು ನಿರ್ಧರಿಸಬೇಕಾದದ್ದು ಕಿವಿಯೇ.

ಕೊನೆಯದು ಆಯ್ಕೆ. ನ್ಯೂಯಾರ್ಕಿನ ಕಿಂಗ್ ಸ್ಟ್ರೀಟಿನಲ್ಲಿ ವಾಹನಗಳ ಗ್ಯಾರೇಜಾಗಿದ್ದ ಕಟ್ಟಡದಲ್ಲಿ 1977ರಿಂದ 1987ರವರೆಗೆ ‘ಪ್ಯಾರಡೈಸ್ ಗ್ಯಾರೇಜ್’ ನಡೆಯಿತು. ಅಲ್ಲಿನ ಲ್ಯಾರಿ ಲೆವನ್ ಅವರ ಎಲ್ಲ ಬೆಸುಗೆಗಳೂ ನುಣುಪಾಗಿರಲಿಲ್ಲ. ಆದರೂ ಅವರ ರಾತ್ರಿಗಳ ನೆನಪನ್ನು ಜನ ಇಂದಿಗೂ ಕಾಪಾಡಿಕೊಂಡಿದ್ದಾರೆ. ಯಾವ ಗಳಿಗೆಗೆ ಯಾವ ಹಾಡು ಎಂಬುದನ್ನು ಅವರು ಅಷ್ಟು ಬಲ್ಲವರಾಗಿದ್ದರು. 1970ರಲ್ಲಿ ತಮ್ಮ ಮನೆಯಲ್ಲೇ ‘ದಿ ಲಾಫ್ಟ್’ ಕೂಟಗಳನ್ನು ಶುರುಮಾಡಿದ ಡೇವಿಡ್ ಮಂಕುಸೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1980ರ ದಶಕದಲ್ಲಿ ಅವರು ಮಿಕ್ಸಿಂಗನ್ನೇ ಕೈಬಿಟ್ಟು, ಪ್ರತಿ ಹಾಡನ್ನೂ ಮೊದಲಿಂದ ಕೊನೆಯತನಕ ಹಾಕತೊಡಗಿದರು. ಹಾಡು ಮುಗಿದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ಇದು ಎಲ್ಲರೂ ಅನುಸರಿಸಬೇಕಾದ ದಾರಿಯೆಂದಲ್ಲ. ಬೆಸುಗೆ ಎಲ್ಲಿ ಬೇಡ ಎಂದು ತಿಳಿಯುವುದೂ ಬೆಸುಗೆಯ ವಿದ್ಯೆಯೊಳಗೇ ಸೇರುತ್ತದೆ.

ಕಲಿಯುವವರು ಮಾಡಬೇಕಾದದ್ದೂ ಇದರಿಂದಲೇ ಹೊರಡುತ್ತದೆ. ಸಾವಿರ ಹಾಡು ಕೂಡಿಡುವ ಮೊದಲು ಇಪ್ಪತ್ತನ್ನು ವಾಕ್ಯ ವಾಕ್ಯವಾಗಿ ಎಣಿಸಿ ಬಾಯಿಪಾಠ ಮಾಡುವುದು ಲೇಸು. ಲಯ ಕೂಡಿಸುವ ಗುಂಡಿಯನ್ನು ಆರಿಸಿ, ಕಿವಿಯಿಂದಲೇ ಹೊಂದಿಸುವ ಅಭ್ಯಾಸ ದಿನಕ್ಕೆ ಸ್ವಲ್ಪವಾದರೂ ಇರಬೇಕು. ತಾನು ಮಾಡಿದ ಮಿಕ್ಸನ್ನು ಮುದ್ರಿಸಿಕೊಂಡು ಮರುದಿನ ಕೇಳಬೇಕು. ಮಾಡುವಾಗ ಕೈ ಮುಚ್ಚಿಟ್ಟ ತಪ್ಪು ಕೇಳುವಾಗ ಬಯಲಾಗುತ್ತದೆ. ಜನ ತಣ್ಣಗಾದಾಗ ಸದ್ದು ಏರಿಸುವ ಚಪಲ ಬೇಡ. ತಲೆಯೆತ್ತಿ ಅವರ ಕಾಲುಗಳನ್ನು ನೋಡಿ, ಮುಂದಿನ ಹಾಡನ್ನು ಬದಲಿಸಬೇಕು. ಲಾರಿಯ ಮೇಲಿನ ಪೆಟ್ಟಿಗೆಗಳಿಗೆ ಈ ಒಂದು ಕೆಲಸ ಬಾರದು.

ಫ್ಲ್ಯಾಶ್ 1981ರಲ್ಲಿ ಮೂರು ಟರ್ನ್‌ಟೇಬಲ್‌ಗಳನ್ನಿಟ್ಟುಕೊಂಡು ಸುಮಾರು 7 ನಿಮಿಷಗಳ ಒಂದು ಮುದ್ರಿಕೆ ಹೊರತಂದರು. ಹಲವು ಹಾಡುಗಳ ತುಣುಕುಗಳಿಂದ ಕಟ್ಟಿದ ಅದು, ಟರ್ನ್‌ಟೇಬಲ್ಲೂ ವಾದ್ಯವೆಂಬುದನ್ನು ದೂರದ ದೇಶಗಳ ಹುಡುಗರಿಗೂ ಮುಟ್ಟಿಸಿತು. 2019ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ ಅವರಿಗೆ ಸಂದಿತು. ಆ ವರ್ಷ ಅದನ್ನು ಪಡೆದ ಇತರರಲ್ಲಿ ಪಿಟೀಲು ವಿದುಷಿ ಆನ್-ಸೋಫಿ ಮುಟರ್ ಒಬ್ಬರು. ಮೊದಲ ದಿನ ಮೌನವಾಗಿ ನಿಂತಿದ್ದ ಆ ಬ್ರಾಂಕ್ಸ್‌ನ ಜನ ಫ್ಲ್ಯಾಶ್ ಅವರಿಗೆ ಪಾಠ ಹೇಳಿಕೊಟ್ಟ ಮೊದಲ ಗುರುಗಳು.