ಕಸಿ ಮಾಡಿದ ಕಿಡ್ನಿಯ ಸುದ್ದಿ ರಕ್ತವೇ ಹೇಳುತ್ತದೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಆರೋಗ್ಯ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸ)



ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಹತೋಟಿಯಲ್ಲಿ ಇಲ್ಲದಿದ್ದರೆ ಕಿಡ್ನಿ, ಅಂದರೆ ಮೂತ್ರಪಿಂಡ, ಹಾಳಾಗುತ್ತದೆ ಎಂದು ನಿಮಗೆ ಗೊತ್ತು. ಅದು ಪೂರ್ತಿ ಕೈಕೊಟ್ಟರೆ ಉಳಿಯುವುದು ಎರಡೇ ದಾರಿ. ಒಂದು ಡಯಾಲಿಸಿಸ್, ಇನ್ನೊಂದು ಕಸಿ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕಿಡ್ನಿ ಕಸಿ ಯಶಸ್ವಿಯಾಯಿತು. ಅಂದಿನಿಂದ ಸಾವಿರಾರು ಜನರಿಗೆ ಮರುಜೀವ ಸಿಕ್ಕಿದೆ. ಆದರೆ ಒಂದು ಮಾತು ಗಮನಿಸಿ. ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ನಮ್ಮಂಥ ಹೆಂಗಸರೇ. ತಾಯಿ ಕೊಡ್ತಾಳೆ, ಹೆಂಡತಿ ಕೊಡ್ತಾಳೆ, ಅಕ್ಕ ಕೊಡ್ತಾಳೆ. ಕೊಟ್ಟ ಮೇಲೆ ಅದು ಚೆನ್ನಾಗಿದೆಯೋ ಇಲ್ಲವೋ ತಿಳಿಯೋದು ಹೇಗೆ?

ಅಪರಿಚಿತರನ್ನು ಕಂಡರೆ ಮನೆಯ ನಾಯಿ ಬೊಗಳುವ ಹಾಗೆ, ನಮ್ಮ ದೇಹದ ರಕ್ಷಣಾ ಶಕ್ತಿ ಹೊಸ ಕಿಡ್ನಿಯ ಮೇಲೆ ಎರಗುತ್ತದೆ. ಇದಕ್ಕೆ ತಿರಸ್ಕಾರ ಎನ್ನುತ್ತಾರೆ. ಅದನ್ನು ತಡೆಯಲಿಕ್ಕೇ ಜೀವನಪೂರ್ತಿ ಮಾತ್ರೆ. ಬಹಳ ಸಲ ತಿರಸ್ಕಾರ ಶುರುವಾದರೂ ನೋವಿಲ್ಲ, ಜ್ವರವಿಲ್ಲ. ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಿಂದ ತಿಳಿಯಬಹುದು, ಆದರೆ ಅದೂ ಕೆಲವೊಮ್ಮೆ ತಡ. ಅನ್ನ ಸೀದ ವಾಸನೆ ಬರುವಷ್ಟರಲ್ಲಿ ತಳ ಹತ್ತಿರುತ್ತದಲ್ಲ, ಹಾಗೆ. ಖಚಿತವಾಗಿ ತಿಳಿಯಲು ಸೂಜಿ ಹಾಕಿ ಕಿಡ್ನಿಯ ಸಣ್ಣ ಚೂರು ತೆಗೆದು ನೋಡಬೇಕು. ಅದೇ ಬಯಾಪ್ಸಿ.

ಈಗ ಇನ್ನೊಂದು ದಾರಿ ಬಂದಿದೆ. ನಮ್ಮ ಜೀವಕೋಶಗಳು ದಿನವೂ ಸಾಯ್ತಾ ಇರ್ತವೆ, ಹೊಸದು ಹುಟ್ತಾ ಇರ್ತವೆ. ಸತ್ತ ಕೋಶದ ಡಿ.ಎನ್.ಎ. ಚೂರುಚೂರಾಗಿ ರಕ್ತಕ್ಕೆ ಸೇರುತ್ತದೆ. ಬಸುರಿಯ ರಕ್ತದಲ್ಲಿ ಹೊಟ್ಟೆಯೊಳಗಿನ ಮಗುವಿನ ಡಿ.ಎನ್.ಎ. ತೇಲುತ್ತದೆ ಎಂದು ವಿಜ್ಞಾನಿ ಡೆನ್ನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಮರುವರ್ಷ, ಗಂಡಸರ ಅಂಗವನ್ನು ಕಸಿ ಮಾಡಿಸಿಕೊಂಡ ಹೆಂಗಸರ ರಕ್ತದಲ್ಲಿ ಗಂಡಿನ ಗುರುತಾದ ವೈ ಕ್ರೋಮೋಸೋಮಿನ ಚೂರುಗಳನ್ನೂ ಅವರೇ ಕಂಡುಹಿಡಿದರು. ಅಂದರೆ ದಾನಿಯ ಕಿಡ್ನಿ ರಕ್ತದಲ್ಲಿ ತನ್ನ ಗುರುತು ಬಿಡುತ್ತದೆ. ಕಿಡ್ನಿ ಆರೋಗ್ಯವಾಗಿದ್ದರೆ ಆ ಗುರುತು ತೀರ ಸ್ವಲ್ಪ. ಪೆಟ್ಟು ಬಿದ್ದರೆ ಹೆಚ್ಚಾಗುತ್ತದೆ.

2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಶೇ. 1ನ್ನು ಗಡಿಯಾಗಿ ಇಟ್ಟುಕೊಂಡರು. ಬಯಾಪ್ಸಿ ಮಾಡಿ ನೋಡಿದಾಗ, ಗಡಿ ದಾಟಿದವರಲ್ಲಿ 100ಕ್ಕೆ ಸುಮಾರು 61 ಮಂದಿಗೆ ತಿರಸ್ಕಾರ ಇತ್ತು. ದಾಟದವರಲ್ಲಿ 100ಕ್ಕೆ ಸುಮಾರು 84 ಮಂದಿಗೆ ಇರಲಿಲ್ಲ. ಆದ್ದರಿಂದ ಇದು ಎಚ್ಚರಿಕೆಯ ಗಂಟೆ ಮಾತ್ರ, ತೀರ್ಪಲ್ಲ. ಸೋಂಕಿನಿಂದಲೂ ಅಂಶ ಏರಬಹುದು. ಅವಳಿ-ಜವಳಿಗಳಲ್ಲಿ ಒಂದೇ ರೂಪದವರು ಕೊಟ್ಟಿದ್ದರೆ ಇಬ್ಬರ ಡಿ.ಎನ್.ಎ. ಒಂದೇ, ಪರೀಕ್ಷೆ ನಡೆಯೋದಿಲ್ಲ. 1954ರಲ್ಲಿ ಬೋಸ್ಟನ್‌ನಲ್ಲಿ ಯಶಸ್ವಿಯಾದ ಮೊದಲ ಕಿಡ್ನಿ ಕಸಿ ಅಂಥ ಅವಳಿ ಸಹೋದರರದ್ದೇ.

ಪರೀಕ್ಷೆ ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ. ಡಾಕ್ಟರು ಬೇಕೆಂದು ಹೇಳದೆ ಇದಕ್ಕಾಗಿ ಬಡ್ಡಿ ಸಾಲ ಮಾಡಬೇಡಿ. ಅದಕ್ಕಿಂತ ಮೊದಲು ನಮ್ಮ ಕೈಯಲ್ಲೇ ಇರುವುದನ್ನು ಮಾಡೋಣ:

1. "ಈಗ ಹುಷಾರಾಗಿದ್ದೇನೆ" ಎಂದು ಕಸಿಯಾದವರು ಮಾತ್ರೆ ಬಿಡಬಾರದು. ಒಂದು ಹೊತ್ತೂ ತಪ್ಪಬಾರದು.

2. ಟ್ಯಾಕ್ರೋಲಿಮಸ್ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ನಂತರವೇ ತೆಗೆದುಕೊಳ್ಳಬೇಕು. ಈ ಮಾತ್ರೆ ತಿನ್ನುವವರಿಗೆ ಚಕ್ಕೋತ ಹಣ್ಣು ಬೇಡ.

3. ನೋವಿನ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ.

4. ಕ್ರಿಯಾಟಿನಿನ್, ಮೂತ್ರ ಪರೀಕ್ಷೆಗಳ ಚೀಟಿಗಳನ್ನು ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿ ಇಡಿ. ಒಂದು ಸಲದ ಅಂಕೆಗಿಂತ ಅದು ಏರುತ್ತಿದೆಯೇ ಎಂಬುದು ಮುಖ್ಯ.

5. ಕೊಟ್ಟವಳನ್ನು ಮರೆಯಬೇಡಿ. ಅವಳಿಗೂ ವರ್ಷಕ್ಕೊಮ್ಮೆ ಬಿ.ಪಿ., ಮೂತ್ರ, ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಅವಳದು ಈಗ ಒಂದೇ ಕಿಡ್ನಿ.

ಗಂಡನ ಪರೀಕ್ಷೆಗೆ ದುಡ್ಡು ಹೊಂದಿಸುವ ಹೆಂಗಸು ತನ್ನ ಪರೀಕ್ಷೆಯನ್ನು ಮುಂದೂಡ್ತಾಳೆ. ಇಲ್ಲೇ ಸಂಘದ ಕೆಲಸ ಇರೋದು. ನಿಮ್ಮ ಗುಂಪಿನಲ್ಲಿ ಅಂಥ ಸಹೋದರಿ ಇದ್ದರೆ ವಾರದ ಸಭೆಯಲ್ಲಿ ಕೇಳಿ: "ಈ ವರ್ಷ ನಿನ್ನ ಪರೀಕ್ಷೆ ಆಯ್ತಾ?" ಬಸ್ ಖರ್ಚಿಗೆ ಆಂತರಿಕ ಸಾಲ ಕೊಡಿ, ಒಬ್ಬರು ಜೊತೆಗೆ ಹೋಗಿ.

ಸಂತ ಎರಡನೇ ಜಾನ್ ಪೌಲರು 2000ದಲ್ಲಿ ರೋಮ್‌ನಲ್ಲಿ ಅಂಗಕಸಿ ವೈದ್ಯರ ಮುಂದೆ ಮಾತನಾಡುತ್ತಾ, ಅಂಗದಾನವು ನಿಜವಾದ ಪ್ರೀತಿಯ ಕಾರ್ಯ ಎಂದರು. ಯಾವ ಧರ್ಮದವರಾದರೂ ಈ ಮಾತನ್ನು ಒಪ್ಪುತ್ತೀರಿ. ಪ್ರೀತಿಯಿಂದ ಕೊಟ್ಟದ್ದನ್ನು ಎಚ್ಚರದಿಂದ ಕಾಯೋಣ, ಕೊಟ್ಟವಳನ್ನೂ ಕಾಯೋಣ.